ಶುಭಂ ಆದ ಮೇಲಿನ ಸಿನಿಮಾ

ಸಿನಿಮಾ ಮುಗಿಯಲು ಇನ್ನೂ ಮೂರು-ನಾಲ್ಕು ನಿಮಿಷ ಬಾಕಿ ಇರುವಾಗಲೇ ನಮ್ಮ ಜನರ ಪಾದಗಳು ಕತ್ತಲಲ್ಲಿ ಚಪ್ಪಲಿ ಹುಡುಕಲು ಆರಂಭಿಸುತ್ತವೆ. ನೀವೂ ಇದನ್ನು ಗಮನಿಸಿರಬಹುದು. ಗಮನಿಸಿಲ್ಲವೆಂದರೆ ಆ ಹೊತ್ತಿನಲ್ಲಿ ನೀವೂ ಹುಡುಕುತ್ತಿದ್ದಿರಿ ಎಂದೇ ತಿಳಿಯಬೇಕು. ಕಣ್ಣು ಪರದೆಯ ಮೇಲೆಯೇ ಇರುತ್ತದೆ, ಕೈ ಶೇಂಗಾ ಪೊಟ್ಟಣದ ತಳ ತಡವುತ್ತಿರುತ್ತದೆ, ಕಾಲು ಮಾತ್ರ ಯಾರ ಅಪ್ಪಣೆಯನ್ನೂ ಕಾಯದೆ ಕುರ್ಚಿಯ ಕೆಳಗೆ ಸಂಚಾರ ಹೊರಟು, ತನ್ನದನ್ನು ಬಿಟ್ಟು ಪಕ್ಕದವನದನ್ನು ಮುಟ್ಟಿ, ಸಂಕೋಚಪಟ್ಟು ಹಿಂದಿರುಗಿ, ಮತ್ತೆ ಹೊರಡುತ್ತದೆ. ಕಥೆ ಮುಗಿಯಿತೆಂಬುದು ಬುದ್ಧಿಗಿಂತ ಮೊದಲು ಪಾದಕ್ಕೆ ಹೇಗೆ ತಿಳಿಯುತ್ತದೋ ನನಗೆ ಗೊತ್ತಿಲ್ಲ. ರಾಯಚೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಇದರ ಅನುಭವ ಇನ್ನೊಂದು ಬಗೆಯಲ್ಲಿ ಆಗಿದೆ. ಗಂಟೆ ಹೊಡೆಯಲು ಐದು ನಿಮಿಷ ಇದೆ ಎನ್ನುವಾಗ ಅರವತ್ತು ಪೆನ್ನುಗಳು ಒಟ್ಟಿಗೆ ಮುಚ್ಚಳ ಹಾಕಿಕೊಳ್ಳುವ ಸಪ್ಪಳಕ್ಕೆ ಹೆದರಿ, ಎಷ್ಟೋ ಸಮೀಕರಣಗಳನ್ನು ನಾನು ಸರಿದೂಗಿಸದೆಯೇ ಬಿಟ್ಟು ಬಂದದ್ದುಂಟು.

ಈ ಪಾದಪುರಾಣ ಈಗ ನೆನಪಾಗಲು ಕಾರಣ ನನ್ನ ಅಕ್ಕ ಶರಣಮ್ಮ. ನಮ್ಮ ತವರು ಮಾನ್ವಿ. ಅಕ್ಕನನ್ನು ಕೊಟ್ಟದ್ದು ದೇವದುರ್ಗಕ್ಕೆ. ನನಗೆ ಹನ್ನೆರಡು ವರ್ಷವಾಗಿದ್ದಾಗ ಮಾನ್ವಿಯ ತಗಡಿನ ಟಾಕೀಸಿಗೆ ‘ರಂಗ್ರೂಟ ರಾಚಪ್ಪ’ ಎಂಬ ಕಪ್ಪು-ಬಿಳುಪಿನ ಮಿಲಿಟರಿ ಹಾಸ್ಯಚಿತ್ರ ಬಂತು. ರಂಗ್ರೂಟ ಎಂದರೆ ಸೈನ್ಯಕ್ಕೆ ಹೊಸದಾಗಿ ಸೇರಿದವನು. ನಾನು ಅದನ್ನು ಅಲ್ಲಿ ನೋಡಿದೆ. ವಾರದ ಮೇಲೆ ಅದೇ ಸಿನಿಮಾ ದೇವದುರ್ಗದ ಡೇರೆ ಟಾಕೀಸಿಗೆ ಹೋಯಿತು, ಅಕ್ಕ ಅದನ್ನು ಅಲ್ಲಿ ನೋಡಿದಳು. ನಾನು ನೋಡಿದ ಸಿನಿಮಾದಲ್ಲಿ ರಾಚಪ್ಪ ರಜೆಯ ಮೇಲೆ ಊರಿಗೆ ಬರುತ್ತಾನೆ, ತಾಯಿಯ ಕೈಯ ಹೋಳಿಗೆ ಉಂಡು ಅಂಗಳದ ಹೊರಸಿನ ಮೇಲೆ ಮಲಗುತ್ತಾನೆ. ಅಷ್ಟರಲ್ಲಿ ತಂತಿ ಬಂದು ಮತ್ತೆ ಸೈನ್ಯಕ್ಕೆ ಹೋಗುತ್ತಾನೆ. ಅವನ ತುಕಡಿ ನಮಗೆ ಬೆನ್ನು ಮಾಡಿ ಗಡಿಯ ಗುಡ್ಡದ ಕಡೆ ನಡೆದುಹೋಗುತ್ತಿರುವಾಗ ಪರದೆಯ ಮೇಲೆ ‘ಶುಭಂ’ ಬೀಳುತ್ತದೆ. ಅಕ್ಕ ನೋಡಿದ ಸಿನಿಮಾದಲ್ಲಿ ತುಕಡಿ ನಡೆದುಹೋಗುತ್ತದೆ, ‘ಶುಭಂ’ ಬೀಳುತ್ತದೆ, ಆಮೇಲೆ ರಾಚಪ್ಪ ಊರಿಗೆ ಬರುತ್ತಾನೆ.

ಶುಭಂ ಆದ ಮೇಲೆ ಸಿನಿಮಾ ಹೇಗಿರುತ್ತದೆ ಎಂದು ನಾನು. ಇತ್ತು ಎಂದು ಅವಳು. “ಶುಭಂ ಬಂತು, ಮಂದಿ ಎದ್ರು, ಚಪ್ಲಿ ಹಾಕ್ಕೊಂಡ್ರು, ಆಮ್ಯಾಲ ಅಂವ ಬಸ್ಸಿಳದು ಬಂದ. ನಾ ಕಣ್ಣಾರ ನೋಡೀನಿ” ಎಂಬ ಅವಳ ಹೇಳಿಕೆ ಐವತ್ತು ವರ್ಷಗಳಿಂದ ಒಂದಕ್ಷರವೂ ಬದಲಾಗಿಲ್ಲ. ಈ ಜಗಳವನ್ನು ನಾವು ಮದುವೆಗಳಲ್ಲಿ ಆಡಿದ್ದೇವೆ, ಬಸುರಿಯರ ಕುಬಸದಲ್ಲಿ ಆಡಿದ್ದೇವೆ, ತೊಟ್ಟಿಲ ಕಾರ್ಯದಲ್ಲಿ ಆಡಿದ್ದೇವೆ. ಒಮ್ಮೆ ದೂರದ ಚಿಕ್ಕಪ್ಪನೊಬ್ಬನ ಮಣ್ಣಿಗೆ ಹೋದಾಗ ಹಿಂದಿನ ಸಾಲಿನಲ್ಲಿ ನಿಂತು ಮೆಲುದನಿಯಲ್ಲಿ ಆಡಿ, ಹಿರಿಯರೊಬ್ಬರಿಂದ ಬೈಸಿಕೊಂಡಿದ್ದೇವೆ. ಪಂಥವೂ ಒಂದಿತ್ತು. ಸೋತವರು ಬಂಧು-ಬಳಗದ ಎದುರು “ನಾ ಸೋತೆ” ಎಂದು ಹೇಳಿ, ಎಲ್ಲರಿಗೂ ಮಂಡಾಳೊಗ್ಗರಣಿ ಮತ್ತು ಮಿರ್ಚಿ ಬಜ್ಜಿ ಮಾಡಿ ಹಾಕಬೇಕು. ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ನೀರಲ್ಲಿ ಎಷ್ಟು ಹೊತ್ತು ನೆನೆಸಬೇಕೆಂಬುದೂ ನನಗೆ ತಿಳಿಯದಿದ್ದುದರಿಂದ ಸೋಲುವ ವಿಚಾರವನ್ನೇ ನಾನು ಮನಸ್ಸಿಗೆ ತಂದುಕೊಂಡಿರಲಿಲ್ಲ. ಆದರೆ ಗೆಲ್ಲಲೂ ದಾರಿ ಇರಲಿಲ್ಲ, ಏಕೆಂದರೆ ಆ ಸಿನಿಮಾ ಬಂದಷ್ಟೇ ಬೇಗ ಭೂಮಂಡಲದಿಂದ ಮಾಯವಾಗಿತ್ತು.

ಇಲ್ಲಿ ನನ್ನದೊಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ನಾನು ಹಳೆಯ ಸಿನಿಮಾಗಳ ಕರಪತ್ರ, ಹಾಡಿನ ಪುಸ್ತಕ, ಗೋಡೆಚಿತ್ರಗಳ ಸಂಗ್ರಾಹಕ. ಟ್ರಂಕಿನಲ್ಲಿರುವ ಈ ಸಾಮಗ್ರಿಯನ್ನು ನನ್ನ ಹೆಂಡತಿ ರದ್ದಿ ಎನ್ನುತ್ತಾಳೆ, ನಾನು ಸಂಚಯ ಎನ್ನುತ್ತೇನೆ, ಗೆದ್ದಲು ಎರಡರ ನಡುವೆ ಭೇದ ಎಣಿಸುವುದಿಲ್ಲ. ಸಂಗ್ರಾಹಕರ ನ್ಯಾಯ ಲೋಕದ ನ್ಯಾಯಕ್ಕೆ ತಿರುಗುಮುರುಗು. ನೂರು ದಿನ ಓಡಿದ ಸಿನಿಮಾದ ಕರಪತ್ರ ಯಾರ ಮನೆಯಲ್ಲಾದರೂ ಸಿಗುತ್ತದೆ, ಅದಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಮೂರು ದಿನದಲ್ಲಿ ಮಕಾಡೆ ಮಲಗಿದ ಸಿನಿಮಾದ ಒಂದು ಹರಿದ ತುಂಡಿಗೆ ನಾವು ಆಹಾರ-ನಿದ್ರೆ ಬಿಟ್ಟು ಅಲೆಯುತ್ತೇವೆ. ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದೇ ಅದರ ಯೋಗ್ಯತೆ. ‘ರಂಗ್ರೂಟ ರಾಚಪ್ಪ’ನ ಕರಪತ್ರ ನನಗೆ ದೊರೆತದ್ದು ನೀರಮಾನ್ವಿಯ ಒಂದು ಕ್ಷೌರದ ಅಂಗಡಿಯಲ್ಲಿ, ಕನ್ನಡಿಯ ಹಿಂಬದಿಗೆ ಅಂಟಿಸಿದ್ದ ಸ್ಥಿತಿಯಲ್ಲಿ. ಅಂಗಡಿಯವನಿಗೆ ಹೊಸ ಕನ್ನಡಿ ಕೊಡಿಸಿ ಹಳೆಯದನ್ನು ಎದೆಗವಚಿಕೊಂಡು ಬಸ್ಸು ಹತ್ತಿದ ನನ್ನನ್ನು ಕಂಡಕ್ಟರು ಮದುಮಗನೋ ಮತಿಗೆಟ್ಟವನೋ ಎಂದು ಎರಡೆರಡು ಸಲ ನೋಡಿದ.

ನಮ್ಮಂಥವರದೇ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹಲ್ಲಿನ ಡಾಕ್ಟರರೊಬ್ಬರಿದ್ದಾರೆ, ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿದ್ದಾರೆ, ಏನು ಕೆಲಸ ಮಾಡುತ್ತಾರೆಂದು ಯಾರಿಗೂ ತಿಳಿಯದ ಇಬ್ಬರಿದ್ದಾರೆ. ಈ ಗುಂಪಿನಲ್ಲಿ ರಾಚಪ್ಪನಿಗಿರುವ ಸ್ಥಾನ ಇನ್ನಾವ ನಾಯಕನಿಗೂ ಇಲ್ಲ. ಅದಕ್ಕೆ ಕಾರಣ ಆ ಚಿತ್ರದ ದರಿದ್ರತನವೇ. ಸೈನ್ಯ ತೋರಿಸಬೇಕಾದ ಚಿತ್ರವನ್ನು ತೆಗೆದವರ ಬಳಿ ಸೈನ್ಯವಿರಲಿಲ್ಲ. ನಾಟಕ ಕಂಪನಿಯ ಹದಿನಾಲ್ಕು ಜನ ಇದ್ದರು, ಅವರೇ ನಮ್ಮ ಸೈನ್ಯ, ಮೀಸೆ ಬದಲಿಸಿಕೊಂಡು ಬಂದರೆ ಅವರೇ ಶತ್ರುಸೈನ್ಯ. ಕರ್ನಲ್ ಸಾಹೇಬರ ಎದೆಯ ಮೇಲಿನ ಪದಕಗಳನ್ನು ಹತ್ತಿರದಿಂದ ನೋಡಿದರೆ ಸೋಡಾ ಬಾಟಲಿಯ ಮುಚ್ಚಳಗಳೆಂದು ತಿಳಿಯುತ್ತದೆ. ಗಡಿಯೆಂದು ತೋರಿಸಿದ ಜಾಗ ಒಂದು ಕಲ್ಲಿನ ಕ್ವಾರಿ, ಘೋರ ಕಾಳಗದ ಹಿಂದೆ ಒಬ್ಬ ಮನುಷ್ಯ ತನ್ನ ಪಾಡಿಗೆ ತಾನು ಆಡು ಮೇಯಿಸುತ್ತಿರುತ್ತಾನೆ.

ಆದರೂ, ಓದುಗ ಮಿತ್ರರೇ, ಅದರಲ್ಲಿ ನಗು ಇತ್ತು. ಎಡ-ಬಲ ತಿಳಿಯದ ರಂಗ್ರೂಟರಿಗೆ ಹವಾಲ್ದಾರ “ಉಣ್ಣೋ ಕೈ ಕಡೆ ತಿರುಗು” ಎಂದು ಆಜ್ಞೆ ಕೊಡುತ್ತಾನೆ. ಎಲ್ಲರೂ ಬಲಕ್ಕೆ ತಿರುಗಿದರೆ ಎಡಚನಾದ ರಾಚಪ್ಪ ಎಡಕ್ಕೆ ತಿರುಗಿ, ಪಕ್ಕದವನ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತಾನೆ. ಹವಾಲ್ದಾರ ಸಿಟ್ಟಾಗಿ ಮೂರು ದಿನ ಬಲಗೈಯಲ್ಲೇ ಉಣ್ಣುವ ಶಿಕ್ಷೆ ಕೊಡುತ್ತಾನೆ. ನಾಲ್ಕನೆಯ ದಿನದ ಹೊತ್ತಿಗೆ, ಬಲಗೈಯಲ್ಲಿ ಉಣ್ಣಲು ಬಾರದ ಅವನಿಗೆ ಉಣ್ಣಿಸಿ ಉಣ್ಣಿಸಿ ತುಕಡಿಯ ಅರ್ಧ ಜನ ಎಡ-ಬಲ ಎರಡನ್ನೂ ಮರೆತಿರುತ್ತಾರೆ. ಇನ್ನೊಂದೆಡೆ ಟ್ಯಾಂಕು ಒಂದು ಸಜ್ಜೆ ಹೊಲ ತುಳಿಯುತ್ತದೆ. ಹೊಲದ ಅಜ್ಜಿ ಬಡಿಗೆ ಹಿಡಿದು ಟ್ಯಾಂಕಿನ ಮುಚ್ಚಳ ಬಡಿದು, ಒಳಗಿದ್ದವರನ್ನೆಲ್ಲ ಹೊರಗೆ ಕರೆದು, ಬಿದ್ದ ತೆನೆ ಆರಿಸಿ ಕೊಡುವವರೆಗೂ ಯುದ್ಧಕ್ಕೆ ಹೋಗಗೊಡುವುದಿಲ್ಲ. ಇಂಥ ಸಿನಿಮಾ ಸೋತದ್ದು ಏಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಅದು ಬಿಡುಗಡೆಯಾದಾಗ ಗಡಿಯಲ್ಲಿ ನಿಜವಾಗಿಯೇ ಯುದ್ಧ ನಡೆದಿತ್ತು. ಮನೆಯವರು ಅಲ್ಲಿರುವಾಗ ಸೈನಿಕರನ್ನು ನೋಡಿ ನಗುವುದು ಹೇಗೆಂದು ಜನ ಹಿಂಜರಿದಿರಬೇಕು.

ಒಮ್ಮೆ ತಮಾಷೆಗೆಂದು ಗುಂಪಿನಲ್ಲಿ ಅಕ್ಕನ ಮಾತನ್ನು ಬರೆದು ಕೆಟ್ಟೆ. ನಗಲಿ ಎಂದು ಬರೆದರೆ ಅವರು ಗಂಭೀರವಾಗಿಬಿಟ್ಟರು. ಡಾಕ್ಟರರು ಅದಕ್ಕೆ ‘ದೇವದುರ್ಗ ಪಾಠಾಂತರ’ ಎಂದು ನಾಮಕರಣ ಮಾಡಿದರು. ಅಂತ್ಯದ ಆಚೆಗೂ ಕಥೆಯನ್ನು ಒಯ್ದ ನಿರ್ದೇಶಕನ ದೂರದೃಷ್ಟಿಯ ಬಗ್ಗೆ ಎರಡು ದಿನ ಚರ್ಚೆ ನಡೆಯಿತು. ಗಾರ್ಡ್ ಸಾಹೇಬರು ತಾವೂ ಅಂಥದೇ ಪ್ರತಿಯನ್ನು ನೋಡಿದ ನೆನಪು ಮಸುಕಾಗಿ ಇದೆ ಎಂದರು. ನಮ್ಮ ಅಕ್ಕನ ಹಟ ಹೀಗೆ ಶಾಸ್ತ್ರವಾಗುವುದನ್ನು ಕಂಡು ನನಗೆ ನಿದ್ದೆ ಬರಲಿಲ್ಲ, ಹೇಗಾದರೂ ಮಾಡಿ ಮೂಲ ಪ್ರತಿಯನ್ನು ಹುಡುಕಿ ಈ ಪಾಠಾಂತರದ ಬೇರು ಕೀಳಬೇಕೆಂದು ಅಂದೇ ನಿಶ್ಚಯಿಸಿದೆ.

ಅಕ್ಕನ ಗಂಡನ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆ ಅಕ್ಕನ ಗಂಡನಿಗೆ ಮಾವ ಎನ್ನುತ್ತೇವೆ. ಸಂಗಪ್ಪ ಮಾವ ಆಗ ಸೈನ್ಯದಲ್ಲಿದ್ದ. ದೇಶಪ್ರೇಮದಿಂದ ಸೇರಿದ್ದೆಂದು ನಾವು ಮಕ್ಕಳು ನಂಬಿದ್ದೆವು. ನಿಜ ಸಂಗತಿ ಏನೆಂದರೆ, ರಾಯಚೂರಿಗೆ ಎತ್ತಿನ ಹಗ್ಗ ಕೊಳ್ಳಲು ಹೋದವನು ಮೈದಾನದಲ್ಲಿ ಉದ್ದ ಸಾಲು ಕಂಡು, ಸೀಮೆಎಣ್ಣೆ ಕೊಡುತ್ತಿದ್ದಾರೆಂದು ತಿಳಿದು ತಾನೂ ಹೋಗಿ ನಿಂತ. ಸಾಲಿನ ತುದಿಗೆ ಬಂದಾಗ ಎಣ್ಣೆಯ ಡಬ್ಬಿಗೆ ಬದಲು ಎದೆಯ ಅಳತೆ ಕೇಳಿದರು. ಆರಡಿ ಎತ್ತರದ ಮನುಷ್ಯ, ಆಯ್ಕೆಯಾಗಿಬಿಟ್ಟ. ಬೇಡವೆನ್ನಲು ಸಂಕೋಚವಾಯಿತಂತೆ. ಮದುವೆಯಾಗಿ ಐದು ತಿಂಗಳಿಗೆ ರಜೆ ಮುಗಿದು ಹೊರಟವನು ಗಡಿಗೆ ಹೋದ, ರಾಚಪ್ಪ ದೇವದುರ್ಗಕ್ಕೆ ಬಂದ ಹೊತ್ತಿಗೆ ಮಾವನ ಕಾಗದ ಬರುವುದು ನಿಂತು ಎರಡು ತಿಂಗಳಾಗಿತ್ತು. ಗಾಬರಿಯಾಗಬೇಡಿ, ಮಾವ ಇಂದಿಗೂ ಗಟ್ಟಿಮುಟ್ಟಾಗಿದ್ದಾನೆ, ಕುಳಿತಲ್ಲೇ ನಿದ್ದೆ ಹೋಗುವ ಕಲೆಯಲ್ಲಿ ಜಿಲ್ಲೆಗೇ ಅದ್ವಿತೀಯನಾಗಿದ್ದಾನೆ.

ಇನ್ನು ಮೂಲ ಪ್ರತಿ. ಹೋದ ಬೇಸಿಗೆಯಲ್ಲಿ ಮಾನ್ವಿಯ ಈರಣ್ಣನಿಂದ ಫೋನು ಬಂತು. ಈರಣ್ಣ ನನ್ನ ಹಳೆಯ ವಿದ್ಯಾರ್ಥಿ, ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿ ಅದೇ ಪುಣ್ಯದಿಂದ ರೈಸ್ ಮಿಲ್ಲಿನ ಮಾಲೀಕನಾದವನು. ಅವನ ಅಜ್ಜ ಕೊಂಡಿದ್ದ ಹಳೆಯ ಟಾಕೀಸೇ ಇಂದು ಅವನ ಗೋದಾಮು. ನೆಲ್ಲಿನ ಮೇಲೆ ಹೊದಿಸಿದ ತಾಡಪತ್ರಿ ಗಾಳಿಗೆ ಹಾರದಂತೆ ಹೇರಿಟ್ಟಿದ್ದ ದುಂಡನೆಯ ತಗಡಿನ ಡಬ್ಬಿಗಳಲ್ಲಿ ಒಂದು ಬಿದ್ದು ತೆರೆದುಕೊಂಡಿತಂತೆ, ಒಳಗೆ ಫಿಲ್ಮು ಇತ್ತಂತೆ. ನಾನು ಊಟದ ತಟ್ಟೆ ಬಿಟ್ಟು ಎದ್ದೆ. ಗೋದಾಮಿನ ಬಾಗಿಲಲ್ಲೇ ನನ್ನ ಮೂಗಿಗೆ ಹುಳಿ ವಾಸನೆ ಬಡಿಯಿತು. ಈ ಬಗೆಯ ಹಳೆಯ ಫಿಲ್ಮು ಕೆಡುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅಂದರೆ ಉಪ್ಪಿನಕಾಯಿಗೆ ಹಾಕುವ ವಿನೆಗರ್. ಮೂವತ್ತು ವರ್ಷ ಹೇಳಿದ ಪಾಠ ಬದುಕಿನಲ್ಲಿ ಮೊದಲ ಬಾರಿಗೆ ನನಗೇ ಉಪಯೋಗಕ್ಕೆ ಬಂದು ಕಣ್ಣು ತುಂಬಿತು. ಈರಣ್ಣ ಅದು ವಾಸನೆಯ ಪರಿಣಾಮವೆಂದು ತಿಳಿದು ನೀರು ತರಿಸಿದ. ಎಂಟು ಡಬ್ಬಿಗಳೂ ಇದ್ದವು. ದೇವದುರ್ಗದಿಂದ ಮಾನ್ವಿಗೆ ಮರಳಿದ್ದ ಅವುಗಳನ್ನು, ಸೋತ ಸಿನಿಮಾವಾದ್ದರಿಂದ, ಹಂಚಿಕೆದಾರ ವಾಪಸು ಕೇಳಿರಲೇ ಇಲ್ಲ.

ಗುಂಪಿನವರ ಸಹಾಯದಿಂದ ಡಬ್ಬಿಗಳು ಚೆನ್ನೈಗೆ ಹೋದವು, ಹಳೆಯ ಫಿಲ್ಮನ್ನು ಕಂಪ್ಯೂಟರಿಗೆ ಇಳಿಸುವವರೊಬ್ಬರ ಕೈಯಲ್ಲಿ ಮೂರು ತಿಂಗಳು ಇದ್ದವು, ಕೊನೆಗೆ ಹೆಬ್ಬೆರಳಿನಷ್ಟು ಪೆನ್‌ಡ್ರೈವ್ ಆಗಿ ನನ್ನ ಮನೆಗೆ ಬಂದವು. ಎಂಟು ರೀಲು, ಎಂಟು ಫೈಲು. ನಾನು ಕೋಣೆಯ ಬಾಗಿಲು ಹಾಕಿಕೊಂಡು ನೋಡಿದೆ. ಏಳನೆಯದರಲ್ಲಿ ರಾಚಪ್ಪ ಊರಿಗೆ ಬಂದ, ಹೋಳಿಗೆ ಉಂಡ, ಹೊರಸಿನ ಮೇಲೆ ಮಲಗಿದ. ಎಂಟನೆಯದರಲ್ಲಿ ತಂತಿ ಬಂತು, ತುಕಡಿ ಗುಡ್ಡದ ಕಡೆ ನಡೆಯಿತು, ‘ಶುಭಂ’ ಬಿತ್ತು. ಅದರ ನಂತರ ಏನೂ ಇರಲಿಲ್ಲ. ನಾನು ಗೆದ್ದಿದ್ದೆ. ಅರವತ್ತಾರನೆಯ ವಯಸ್ಸಿನಲ್ಲಿ ಒಬ್ಬನೇ ಕೋಣೆಯಲ್ಲಿ ಕುಣಿದರೆ ಮಂಡಿಗೆ ಏನಾಗುತ್ತದೆಂಬುದು ಆಮೇಲೆ ತಿಳಿಯಿತು.

ಏಕಾಂತದ ಗೆಲುವು ಅರ್ಧ ಗೆಲುವು. ಆದ್ದರಿಂದ ದೇವದುರ್ಗದಲ್ಲಿಯೇ, ಅಕ್ಕನ ಎದುರಿಗೇ, ಸಾಕ್ಷಿಗಳನ್ನು ಕೂರಿಸಿಕೊಂಡು ಪ್ರದರ್ಶನ ನಡೆಸಬೇಕೆಂದು ಯೋಜನೆ ಹಾಕಿದೆ. ಈರಣ್ಣನ ಬೀಗರದೊಂದು ಹತ್ತಿ ಗೋದಾಮು ಅಲ್ಲಿತ್ತು. ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ಬಾಗಿಲು ಹಾಕಿದರೆ ನಡು ಮಧ್ಯಾಹ್ನವೂ ಒಳಗೆ ಕತ್ತಲೆ. ಪ್ರೊಜೆಕ್ಟರು ಹೊಂದಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು, ಕಲ್ಮಲ ದಾಟಿ ಗಬ್ಬೂರಿನ ಹಾದಿ ಹಿಡಿದಾಗ ನಾನು ಕಾರಿನಲ್ಲಿ ವಿಜಯಭಾಷಣವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. “ಅಕ್ಕನಂಥ ಹಿರಿಯರೂ ಕೆಲವೊಮ್ಮೆ” ಎಂದು ಆರಂಭವಾಗುತ್ತಿತ್ತು ಅದು. ಸಾಕ್ಷಿಗಳಲ್ಲಿ ಮುಖ್ಯರಾಗಿ ಒಬ್ಬರು ಬೇಕಿತ್ತು: ಅಂದು ಡೇರೆ ಟಾಕೀಸಿನಲ್ಲಿ ಮಷೀನು ನಡೆಸಿದ ಮೌಲಾಸಾಬರು. ಎಂಬತ್ತು ದಾಟಿದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಚುರುಕು ಎಂದು ಕೇಳಿದ್ದೆ. ಪ್ರದರ್ಶನಕ್ಕೆ ಎರಡು ಗಂಟೆ ಮೊದಲು ಅವರ ಮನೆಗೆ ಹೋದೆ.

ಮೌಲಾಸಾಬರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ನನ್ನ ವಾದವನ್ನು ಪೂರ್ತಿ ಕೇಳಿದರು. ಡೇರೆಯಲ್ಲಿ ಶುಭಂ ಆದ ಮೇಲೆ ಸಿನಿಮಾ ತೋರಿಸಲಿಲ್ಲ ಎಂದು ನೀವು ನಾಲ್ಕು ಜನರ ಮುಂದೆ ಹೇಳಬೇಕು ಎಂದು ನಾನು ಕೈಮುಗಿದಾಗ, ತೋರಿಸಿದ್ದು ಹೌದಲ್ಲ ಎಂದು ಸರಳವಾಗಿ ಹೇಳಿ ಚಹಾ ಹೀರಿದರು.

ಸಂಗತಿ ಹೀಗೆ. ಮಾನ್ವಿ ಟಾಕೀಸಿನ ಆಪರೇಟರು ನಿಜಾಮರ ಕಾಲದ ಶಾಲೆಯಲ್ಲಿ ಕಲಿತವರು; ಡಬ್ಬಿಗಳ ಮೇಲೆ ಸುಣ್ಣದಲ್ಲಿ ಉರ್ದು ಅಂಕಿ ಬರೆದು ಕಳಿಸಿದ್ದರು. ಉರ್ದುವಿನ ಏಳು ಮೇಲಕ್ಕೆ ಬಾಯಿ ಬಿಟ್ಟ ಕವೆಗೋಲಿನಂತೆ ಇರುತ್ತದೆ, ಎಂಟು ಗುಡಿಸಲಿನ ಮಾಡಿನಂತೆ. ಒಂದನ್ನು ತಲೆಕೆಳಗು ಮಾಡಿದರೆ ಇನ್ನೊಂದಾಗುತ್ತದೆ. ಬೇರೆ ಅಂಕಿಗಳ ಗೆರೆ ನೋಡಿ ನೆಟ್ಟಗೆ ಹಿಡಿಯಬಹುದು, ಇವೆರಡನ್ನು ಹೇಗೆ ಹಿಡಿದರೂ ನೆಟ್ಟಗೇ ಕಾಣುತ್ತವೆ. ಫಿಲ್ಮಿನ ತುದಿಯಲ್ಲಿ ಇಂಗ್ಲಿಷ್ ಅಂಕಿ ಇರಬೇಕಾಗಿತ್ತು, ಅದು ಎಲ್ಲೋ ಹರಿದುಹೋಗಿತ್ತು.

“ಡಬ್ಬಿ ದುಂಡಗಿರ್ತದರೀ ಸರ,” ಎಂದರು ಮೌಲಾಸಾಬರು. “ದುಂಡನ್ನದಕ್ಕ ತಲಿ ಯಾವ್ದು, ಕಾಲು ಯಾವ್ದು?”

ಮೊದಲ ದಿನ ಹಾಗೆ ಏಳನೆಯದಕ್ಕಿಂತ ಮೊದಲೇ ಎಂಟನೆಯ ರೀಲು ಓಡಿತು. ಶುಭಂ ಬಿತ್ತು, ಜನ ಎದ್ದರು, ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ತಡಕಾಡುತ್ತಿರುವಾಗ ಮೌಲಾಸಾಬರು ಉಳಿದ ಡಬ್ಬಿ ಕಂಡು ಅವಸರದಲ್ಲಿ ಅದನ್ನೂ ಮಷೀನಿಗೆ ಏರಿಸಿದರು. ರಾಚಪ್ಪ ಬಸ್ಸಿಳಿದು ಬಂದ. ಜನ ಒಂಟಿ ಚಪ್ಪಲಿಯಲ್ಲೇ ಮತ್ತೆ ಕುಳಿತರು. ನನ್ನ ಎದೆಯಲ್ಲಿದ್ದ ವಿಜಯಭಾಷಣ ಅಲ್ಲಿಗೆ ಅರ್ಧ ಸತ್ತಿತು. ಅಕ್ಕ ಕಂಡದ್ದು ಸುಳ್ಳಲ್ಲ. ಆದರೂ ಅರ್ಧ ಉಳಿದಿತ್ತು: ಅದು ಆಪರೇಟರನ ತಪ್ಪು, ಸಿನಿಮಾ ಇರುವುದು ನಾನು ಹೇಳಿದಂತೆಯೇ. ಒಂದು ದಿನದ ತಪ್ಪನ್ನು ಅಕ್ಕ ಐವತ್ತು ವರ್ಷ ಎಳೆದಳಲ್ಲ ಎಂದು ನಾನು ನಕ್ಕೆ.

ಒಂದು ದಿನವಲ್ಲ, ಹನ್ನೊಂದು ದಿನವೂ ಹಾಗೇ ತೋರಿಸಿದೆ ಎಂದರು ಮೌಲಾಸಾಬರು. ಏಕೆ ಎಂದು ಕೇಳಿದ್ದಕ್ಕೆ ಅವರಿಗೆ ನನಗಿಂತ ಹೆಚ್ಚು ಆಶ್ಚರ್ಯವಾಯಿತು.

“ನಿಮ್ಮ ಅಕ್ಕಾರು ಹೇಳಿಲ್ಲೇನ್ರಿ? ಮರುದಿನ ಮಧ್ಯಾಹ್ನ ಡೇರೇಕ ಬಂದಿದ್ರು. ‘ಸಾಬ್ರ, ಇವತ್ತೂ ನಿನ್ನಿ ಹಂಗ ತೋರಸ್ರಿ’ ಅಂದ್ರು. ಅದು ತಪ್ಪಾಗಿತ್ತು ಯವ್ವಾ, ಡಬ್ಬಿ ತಿರುಗಿತ್ತು ಅಂದೆ. ‘ತಪ್ಪ ಇರಲಿ, ಅಂವ ಮನಿಗಿ ಬರಲಿ’ ಅಂದ್ರು.”

ಮೌಲಾಸಾಬರು ಲೋಟ ಕೆಳಗಿಟ್ಟು, ಮಿಲಿಟರಿ ಮನುಷ್ಯನ ಮನೆಯಾಕೆ ಬಂದು ಕೇಳಿದರೆ ಇಲ್ಲವೆನ್ನಲು ಆಗಲಿಲ್ಲ ಎಂದು ಸೇರಿಸಿದರು. ಡೇರೆಯ ಮಾಲೀಕರೂ ಬೇಡವೆನ್ನಲಿಲ್ಲ. ಬೇರೆ ಊರುಗಳಲ್ಲಿ ಮೂರು ದಿನ ಓಡದ ಸಿನಿಮಾ ಶುಭಂ ಆದ ಮೇಲೂ ಕಥೆ ಇದೆ ಎಂಬ ಸುದ್ದಿಗೇ ಇಲ್ಲಿ ಹನ್ನೊಂದು ದಿನ ಓಡಿತ್ತು. ಅಕ್ಕ ಹನ್ನೊಂದು ದಿನವೂ ಬಂದಿದ್ದಳಂತೆ, ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂರುತ್ತಿದ್ದಳಂತೆ, ಕೊನೆಯ ರೀಲಿಗೆ ಮಾತ್ರ ಎದ್ದು ನಿಲ್ಲುತ್ತಿದ್ದಳಂತೆ.

ಅಲ್ಲಿಂದ ಗೋದಾಮಿಗೆ ಎಂಟು ನಿಮಿಷದ ನಡಿಗೆ. ನಾನು ಅರ್ಧ ಗಂಟೆ ನಡೆದೆ. ಎರಡು ತಿಂಗಳು ಕಾಗದವಿಲ್ಲದೆ ಕಾಯುತ್ತಿದ್ದ ಇಪ್ಪತ್ತರ ಹುಡುಗಿಯೊಬ್ಬಳನ್ನು ನಾನು ಅಷ್ಟು ವರ್ಷ ಅಕ್ಕ ಎಂದು ಕರೆದಿದ್ದೆ, ಅವಳನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ ಎಂದು ನಾಚಿಕೆಯಾಯಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಅವಳ ಎದುರು ಮಾವನ ಹೆಸರು ತೆಗೆಯುತ್ತಿರಲಿಲ್ಲ. ಧೈರ್ಯದ ಹೆಣ್ಣು ಎಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು. ಧೈರ್ಯದ ಹೆಣ್ಣು ದಿನಾ ಡೇರೆಗೆ ಹೋಗಿ ಗಂಡನನ್ನು ಬಸ್ಸಿನಿಂದ ಇಳಿಸಿಕೊಂಡು ಬರುತ್ತಿದ್ದಳು, ಅಷ್ಟೆ. ನನ್ನ ಕಿಸೆಯಲ್ಲಿ ಪೆನ್‌ಡ್ರೈವ್ ಇತ್ತು. ಫೈಲುಗಳನ್ನು ಇದ್ದ ಕ್ರಮದಲ್ಲಿ ಓಡಿಸಿದರೆ ನನ್ನ ಸತ್ಯ ಗೆಲ್ಲುತ್ತಿತ್ತು. ಗುಂಪಿನವರಿಗೂ ಅದನ್ನೇ ಕಳಿಸಬೇಕಾಗಿತ್ತು. ಈರಣ್ಣ ನಕ್ಕು ಚೇಷ್ಟೆ ಮಾಡುತ್ತಿದ್ದ, ಅಕ್ಕ ಒಗ್ಗರಣಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು, ಐವತ್ತು ವರ್ಷದ ವ್ಯಾಜ್ಯ ಮುಗಿದು ನಾವಿಬ್ಬರೂ ಮುಂದಿನ ಮದುವೆಯಲ್ಲಿ ಮಾತಿಗೆ ವಿಷಯವಿಲ್ಲದೆ ಕೂರುತ್ತಿದ್ದೆವು. ಗೋದಾಮಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಏಳನ್ನು ಎಂಟು ಮಾಡಿದೆ, ಎಂಟನ್ನು ಏಳು ಮಾಡಿದೆ. ಈಗಿನ ಯಂತ್ರಗಳಲ್ಲಿ ಡಬ್ಬಿ ತಿರುವುವುದಕ್ಕಿಂತ ಅದು ಸುಲಭ.

ಪ್ರೇಕ್ಷಕರು ಆರು ಜನ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕ, ಮಾವ, ನನ್ನ ಹೆಂಡತಿ. ಹಿಂದೆ ಮೌಲಾಸಾಬರು, ಈರಣ್ಣ ಮತ್ತು ಮಷೀನಿನ ಪಕ್ಕ ನಾನು. ಮಾವ ಚಪ್ಪಲಿ ಕಳಚಿ, ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಂಡು, ಹೆಸರು ಬೀಳುವ ಮೊದಲೇ ನಿದ್ರಾಮುದ್ರೆ ಧರಿಸಿದ. ಪರದೆಯಾಗಿ ಕಟ್ಟಿದ್ದ ಧೋತರದ ಮೇಲೆ ರಾಚಪ್ಪ ಬಂದ. ಅದೇ ಸೋಡಾ ಮುಚ್ಚಳದ ಪದಕಗಳು, ಅದೇ ಆಡು ಕಾಯುವವನು. ಉಣ್ಣುವ ಕೈಯ ಕಡೆ ತಿರುಗುವಾಗ ಮೌಲಾಸಾಬರು ಕೆಮ್ಮು ಬರುವಷ್ಟು ನಕ್ಕರು; ಅಷ್ಟು ವರ್ಷದ ಹಿಂದೆ ಮಷೀನು ಕೋಣೆಯ ಕಿಂಡಿಯಿಂದ ನೋಡಿದ್ದನ್ನು ಅವರು ಪೂರ್ತಿಯಾಗಿ ನೋಡುತ್ತಿದ್ದದ್ದು ಇದೇ ಮೊದಲು. ಟ್ಯಾಂಕಿನ ಅಜ್ಜಿ ಬಡಿಗೆ ಎತ್ತಿದಾಗ ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು, ರದ್ದಿ ಎಂಬ ಪದವನ್ನು ಇನ್ನು ಒಂದು ತಿಂಗಳಾದರೂ ಬಳಸಲಾರಳೆಂದು ನನಗೆ ಸಮಾಧಾನವಾಯಿತು. ಆರು ಫೈಲು ಮುಗಿದು ಮುಂದಿನದು ಆರಂಭವಾಯಿತು. ತಂತಿ ಬಂತು, ತುಕಡಿ ಬೆನ್ನು ಮಾಡಿ ಗುಡ್ಡದ ಕಡೆ ನಡೆಯಿತು. ಶುಭಂ.

ಈರಣ್ಣನ ಕಾಲು ಚಪ್ಪಲಿ ಹುಡುಕುವ ಸಪ್ಪಳ ಕೇಳಿಸಿತು. ಅಕ್ಕ ಅಲುಗಲಿಲ್ಲ. ಮೌಲಾಸಾಬರೂ ಅಲುಗಲಿಲ್ಲ. ಧೋತರ ಒಂದು ಕ್ಷಣ ಬೆಳ್ಳಗಾಗಿ, ಮತ್ತೆ ಚಿತ್ರ ಮೂಡಿತು: ಧೂಳಿನ ರಸ್ತೆ, ಬಸ್ಸು, ಬಸ್ಸಿನಿಂದ ಟ್ರಂಕು ಹೊತ್ತು ಇಳಿಯುವ ರಾಚಪ್ಪ. ಈರಣ್ಣ ಬೆರಗಾಗಿ ಕುಳಿತ. ನಾನು ಎದ್ದುಹೋಗಿ ಅಕ್ಕನ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತು, ನಾಲ್ಕು ಜನರಿಗೆ ಕೇಳುವಂತೆ “ನಾ ಸೋತೆ” ಎಂದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನಗೊಬ್ಬನಿಗೇ ಕೇಳುವಂತೆ ಮಾತಾಡಿದಳು.

“ಡಬ್ಬಿ ತಿರುವಿ ಇಟ್ಟೀದಿ ಅಲ್ಲೇನೋ ತಮ್ಮಾ.”

ಗೊತ್ತಿದ್ದೂ ಇಷ್ಟು ವರ್ಷ ನನ್ನ ಜೊತೆ ಯಾಕೆ ಜಗಳಾಡಿದೆ ಎಂದು ನಾನು ಕೇಳಿದೆ.

“ನಿನ್ನ ಕೂಡ ಜಗಳಾಡಿದಾಗೊಮ್ಮಿ ನಿಮ್ಮ ಮಾವ ಬಸ್ಸಿಳದು ಬರ್ತಿದ್ದ,” ಎಂದಳು ಅಕ್ಕ. “ಅದಕ್ಕ ಬಿಡಲಿಲ್ಲ.”

ಮಾವ ನಿಜವಾಗಿ ಬಸ್ಸಿಳಿದು ಬಂದದ್ದು ಡೇರೆಯಲ್ಲಿ ಸಿನಿಮಾ ಬದಲಾಗಿ ಎಷ್ಟೋ ದಿನಗಳಾದ ಮೇಲೆ. ಅಕ್ಕ ಆಗ ಅಂಗಳದಲ್ಲಿ ಜೋಳ ಕೇರುತ್ತಿದ್ದಳಂತೆ. ಬಂದವನು ಟ್ರಂಕು ಇಳಿಸಿ, ಅಡುಗೆ ಏನು ಮಾಡಿದ್ದೀ ಎಂದು ಕೇಳಿ, ಉಂಡು, ಸಂಜೆಯವರೆಗೆ ಮಲಗಿದನಂತೆ. ಹೆಚ್ಚುಕಡಿಮೆ ಅಂದಿನಿಂದ ಎದ್ದೇ ಇಲ್ಲ ಎಂಬುದು ನಮ್ಮ ಮನೆತನದ ಹಳೆಯ ಚೇಷ್ಟೆ. ಪರದೆಯ ಮೇಲೆ ರಾಚಪ್ಪ ಹೋಳಿಗೆ ಮುಗಿಸಿ ಹೊರಸಿನ ಮೇಲೆ ಅಡ್ಡಾಗುವ ಹೊತ್ತಿಗೆ ಪಕ್ಕದ ಕುರ್ಚಿಯಲ್ಲಿ ಮಾವನ ಗೊರಕೆ ರಾಗಕ್ಕೆ ಬಂದಿತ್ತು. ಸಿನಿಮಾದ ಗೊರಕೆ ಯಾವುದು, ಮನೆಯ ಗೊರಕೆ ಯಾವುದು ಎಂದು ಬೇರ್ಪಡಿಸುವುದು ರಸಾಯನಶಾಸ್ತ್ರಜ್ಞನಿಗೂ ಕಷ್ಟವಾಗಿತ್ತು. ಪಾಠಾಂತರದ ಬಗ್ಗೆ ಡಾಕ್ಟರರಿಗೆ ಏನು ಬರೆಯಬೇಕೆಂದು ನಾನು ಇನ್ನೂ ತೀರ್ಮಾನಿಸಿಲ್ಲ. ಫೈಲುಗಳನ್ನು ಕಳಿಸಿ, ಕ್ರಮವನ್ನು ಅವರವರ ಮನೆಯ ಹೆಂಗಸರನ್ನು ಕೇಳಿ ನಿರ್ಧರಿಸಿಕೊಳ್ಳಿ ಎನ್ನೋಣವೇ ಎಂದು ಯೋಚನೆಯಿದೆ. ಅಂದು ಸಂಜೆ ಅಕ್ಕನ ಮನೆಯಲ್ಲಿ ನಾನು ಮಾಡಿದ ಮಂಡಾಳೊಗ್ಗರಣಿಯನ್ನು ಎಲ್ಲರೂ ಪೂರ್ತಿ ತಿಂದರು, ಅದಕ್ಕೆ ಅವರ ಹಸಿವನ್ನೇ ಹೊಗಳಬೇಕು.

ಆದರೆ ನಾನು ಹೇಳಹೊರಟದ್ದು ಚಪ್ಪಲಿಯ ಮಾತು. ರಾಚಪ್ಪ ಹೊರಸಿನ ಮೇಲೆ ಮಲಗಿದ, ಧೋತರ ಬೆಳ್ಳಗಾಯಿತು. ಶುಭಂ ಎಂದೋ ಆಗಿಹೋಗಿದ್ದರಿಂದ ಈಗ ಮುಗಿಯಿತೆಂದು ಹೇಳಲು ಯಾವ ಅಕ್ಷರವೂ ಬರಲಿಲ್ಲ, ಯಾರ ಕಾಲಿಗೂ ಏಳುವ ಸೂಚನೆ ಸಿಗದೆ ಎಲ್ಲರೂ ಹಾಗೇ ಕುಳಿತಿದ್ದೆವು. ಒಂದೇ ಒಂದು ಕಾಲು ಮಾತ್ರ ಕುರ್ಚಿಯ ಕೆಳಗೆ ಮೆಲ್ಲಗೆ ಓಡಾಡುತ್ತಿತ್ತು. ನೋಡಿದರೆ ಅದು ಅಕ್ಕನದು. ಅವಳ ಚಪ್ಪಲಿ ಅವಳ ಕಾಲಿನಲ್ಲೇ ಇದ್ದವು. ನಿದ್ದೆಯಲ್ಲಿದ್ದ ಮಾವನ ಒಂದು ಚಪ್ಪಲಿ ಎಲ್ಲೋ ಹಿಂದಕ್ಕೆ ಸರಿದುಹೋಗಿತ್ತು. ಅವಳು ಬೆಳ್ಳನೆಯ ಧೋತರವನ್ನೇ ನೋಡುತ್ತ, ಕಾಲಿನಲ್ಲೇ ಅದನ್ನು ಹುಡುಕಿ ಎಳೆದು, ಇನ್ನೊಂದರ ಪಕ್ಕಕ್ಕೆ ಜೋಡಿಸಿ ಇಟ್ಟಳು.